ಬೆಂಕಿ ವಾಲಿದ ದಿಕ್ಕಿಗೆ ಮಳೆ

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ನಿಂತವರನ್ನು ಮೂರು ದಾರಿಗಳು ಸೆಳೆಯುತ್ತವೆ. ಒಂದು ಬಂಡೀಪುರದ ಕಾಡು ಸೀಳಿಕೊಂಡು ಊಟಿಗೆ ಏರುತ್ತದೆ, ಒಂದು ವಯನಾಡಿನ ಕಡೆ ಹೊರಳುತ್ತದೆ, ಮತ್ತೊಂದು ನಂಜನಗೂಡಿನ ಮೇಲೆ ಮೈಸೂರಿಗೆ ಓಡುತ್ತದೆ. ಬಂದ ಪ್ರವಾಸಿಗರೆಲ್ಲ ಈ ಮೂರಕ್ಕೇ ಹಂಚಿಹೋಗುತ್ತಾರೆ. ಮೂಡಲಿಗೆ, ತೆರಕಣಾಂಬಿ ಹಾದು ಚಾಮರಾಜನಗರಕ್ಕೆ ಹೋಗುವ ಬಸ್ಸು ಹತ್ತುವವರು ಹೆಚ್ಚಾಗಿ ಈ ಸೀಮೆಯವರೇ. ಬನದ ಹುಣ್ಣಿಮೆಯ ಆ ಬೆಳಿಗ್ಗೆ ನಾನು ಹತ್ತಿದ್ದು ಆ ಬಸ್ಸನ್ನು. ಸೀಟುಗಳ ಅಡಿಯಲ್ಲೆಲ್ಲ ಗಂಟುಮೂಟೆ, ಪಾತ್ರೆ, ಸೌದೆ. ಇಡೀ ಸಂಸಾರಗಳು ಐದು ದಿನಕ್ಕೆ ಮನೆ ಬಿಟ್ಟು ಹೊರಟಿದ್ದವು. ಎಲ್ಲರೂ ಹೋಗುತ್ತಿದ್ದುದು ಒಂದೇ ಕಡೆಗೆ: ಕೊಳ್ಳೇಗಾಲದಾಚೆಯ ಚಿಕ್ಕಲ್ಲೂರಿಗೆ, ಸಿದ್ದಪ್ಪಾಜಿಯ ಜಾತ್ರೆಗೆ.

ಪಕ್ಕದಲ್ಲಿ ಕೂತಿದ್ದ ಮುದುಕರು ನನ್ನ ಚೀಲ ನೋಡಿ, "ಹರಕೆಯಾ ಬುದ್ಧೀ?" ಅಂದರು. ಹಾಡು ಕೇಳುವುದಕ್ಕೆ ಅಂದೆ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಕೇಳಿ ಮತ್ತ. ನಾವು ಮಳ ಎತ್ತಗದ ಅಂತ ಕೇಳಕ ಹೊಂಟಿರದು" ಅಂದರು.

ಆ ಮಾತಿನ ತೂಕ ತಿಳಿಯಬೇಕಾದರೆ ಕಿಟಕಿಯಾಚೆ ನೋಡಬೇಕು. ಹಿಂದಕ್ಕೆ ಸರಿಯುತ್ತಿದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರದಲ್ಲಿ ಮೋಡ ಹೊದ್ದು ಕೂತಿತ್ತು. ಅದರ ಬುಡದಿಂದ ಇತ್ತ ಬಂದಂತೆ ನೆಲ ಒಣಗುತ್ತಾ ಬರುತ್ತದೆ. ಪಡುವಣದ ಮಲೆಗಳು ಮುಂಗಾರನ್ನು ಮೊದಲೇ ಕುಡಿದು ಮಿಕ್ಕಿದ್ದನ್ನು ಈ ಬಯಲಿಗೆ ಬಿಡುತ್ತವೆ. ಕೊಳವೆಬಾವಿ ಇದ್ದಲ್ಲಿ ಅರಿಸಿನ, ಬಾಳೆ, ಸಣ್ಣ ಈರುಳ್ಳಿ. ಇಲ್ಲದಲ್ಲಿ ರಾಗಿ, ಹುರುಳಿ, ಜೋಳ, ಮತ್ತೆ ಆಕಾಶದ ಮೇಲಿನ ನಂಬಿಕೆ. ಇಲ್ಲಿ ಮಳೆ ಅನ್ನುವುದು ಹವಾಮಾನದ ಸುದ್ದಿಯಾಗಿ ಉಳಿದಿಲ್ಲ. ಅದು ದೇವರ ಜೊತೆಗಿನ ವ್ಯವಹಾರ.

ಮುದುಕರ ಮಾತು ಕೇಳಿದ ಗಳಿಗೆಯಲ್ಲಿ ನನಗೆ ನೆನಪಾದದ್ದು ಬೇರೊಂದು ಬರಗಾಲ, ಬೇರೊಂದು ಬೆಟ್ಟ. ಬೈಬಲ್ಲಿನ ಎಲೀಯನ ಕಥೆ. ಅಹಾಬನ ರಾಜ್ಯಕ್ಕೆ ವರ್ಷಗಟ್ಟಲೆ ಮಳೆಯಿಲ್ಲ. ಕರ್ಮೆಲ್ ಬೆಟ್ಟದ ಮೇಲೆ ಒಂದು ಕಡೆ ಬಾಳನ ಪೂಜಾರಿಗಳು, ಇನ್ನೊಂದು ಕಡೆ ಒಬ್ಬನೇ ಪ್ರವಾದಿ. ಯಾರ ಮೊರೆಗೆ ಬೆಂಕಿ ಇಳಿಯುತ್ತದೋ ಅವರ ದೇವರು ದೇವರು. ಬೆಂಕಿ ಇಳಿಯುತ್ತದೆ. ಆಮೇಲೆ ಸಮುದ್ರದ ಮೇಲೆ ಅಂಗೈಯಗಲದ ಒಂದು ಮೋಡ ಕಾಣುತ್ತದೆ, ಮಳೆ ಬರುತ್ತದೆ. ಈ ಕಥೆಯನ್ನು ಜರ್ಮನಿಯ ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸನ್ ದೊಡ್ಡ ಮೇಳಗಾನವಾಗಿ ಹೊಸೆದ. ಅದು ಮೊದಲು ಕೇಳಿಸಿದ್ದು 1846ರ ಆಗಸ್ಟ್ 26ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪುರಭವನದಲ್ಲಿ. ವೇಷವಿಲ್ಲ, ಪರದೆಯಿಲ್ಲ, ನಟನೆಯಿಲ್ಲ. ಕೆಲವರು ನಿಂತು ಪಾತ್ರಗಳ ಮಾತು ಹಾಡುತ್ತಾರೆ, ಹಿಂದೆ ನಿಂತ ನೂರಾರು ಕಂಠಗಳು ಜನವಾಗುತ್ತವೆ. ಒಮ್ಮೆ ನೀರಿಲ್ಲದೆ ಅಳುವ ಇಸ್ರಾಯೇಲರು, ಮರುಗಳಿಗೆಯಲ್ಲಿ ಬಾಳನ ಪೂಜಾರಿಗಳು, ಕೊನೆಗೆ ಮಳೆ ಕಂಡು ಹುಚ್ಚೆದ್ದ ಊರು. ಬೆಂಗಳೂರಿನಲ್ಲಿ ಅದನ್ನು ಕೇಳಿದ ದಿನದಿಂದ ಒಂದು ಪ್ರಶ್ನೆ ನನ್ನೊಳಗೆ ಕೂತಿತ್ತು: ನಮ್ಮ ನೆಲದಲ್ಲಿ ಹೀಗೆ ದೇವರ ಕಥೆಯನ್ನು ಮೇಳವೇ ಜನವಾಗಿ ಹಾಡುವುದು ಎಲ್ಲಿದೆ? ಉತ್ತರ ಈ ಬಸ್ಸು ಹೋಗುವ ದಾರಿಯಲ್ಲಿದೆ ಎಂದು ಬಲ್ಲವರು ಹೇಳಿದ್ದರು.

ತೆರಕಣಾಂಬಿ ಬಂತು. ಒಂದು ಕಾಲಕ್ಕೆ ಕೋಟೆ ಕೊತ್ತಲದ ದೊಡ್ಡ ಊರು. ಪಕ್ಕದ ತ್ರಿಯಂಬಕಪುರದ ಗುಡಿ ಇವತ್ತಿಗೂ ಆ ದೊಡ್ಡಸ್ತಿಕೆಯನ್ನು ಹೇಳುತ್ತದೆ. ಆದರೆ ಈ ಸಲ ನನ್ನ ಕಣ್ಣು ಹುಡುಕುತ್ತಿದ್ದುದು ಗೋಪುರಗಳನ್ನಲ್ಲ, ಕೇರಿಗಳ ಸಣ್ಣ ಗುಡಿಗಳನ್ನು. ಈ ಸೀಮೆಯ ಎಷ್ಟೋ ಊರುಗಳಲ್ಲಿ ಕಂಡಾಯ ಎಂಬ ಲೋಹದ ಲಾಂಛನವಿದೆ. ಮೂರ್ತಿಯ ಜಾಗದಲ್ಲಿ ಅದು ನಿಂತು ಪೂಜೆ ಪಡೆಯುತ್ತದೆ, ಹಬ್ಬದಲ್ಲಿ ಹೆಗಲೇರಿ ಮನೆಮನೆಗೆ ಬರುತ್ತದೆ. ಅದನ್ನು ನಂಬಿದವರ ಹಣೆಯ ಮೇಲೆ ಇರುವುದು ಬಿಳಿ ವಿಭೂತಿಯಲ್ಲ, ಕಪ್ಪು ದೂಳ್ತ. ಇದು ಮಂಟೇಸ್ವಾಮಿಯ ಗುರುತು. ಅವನ ಶಿಷ್ಯ ರಾಚಪ್ಪಾಜಿ, ಇನ್ನೊಬ್ಬ ಶಿಷ್ಯ ಸಿದ್ದಪ್ಪಾಜಿ. ಈ ಮೂವರ ಕಥೆಯನ್ನು ಹಾಡುವುದಕ್ಕೆಂದೇ ದೀಕ್ಷೆ ಪಡೆದವರು ನೀಲಗಾರರು. ಅವರಲ್ಲಿ ಹೆಚ್ಚಿನವರು ದಲಿತರು, ಜೊತೆಗೆ ಉಪ್ಪಾರರೇ ಮೊದಲಾದ ಬೇರೆ ಸಮುದಾಯದವರೂ ಇದ್ದಾರೆ. ಗದ್ದುಗೆಯ ಮುಂದೆ ತಂಬೂರಿ ಹಿಡಿದ ಮೇಲೆ ಅವರು ಗುರುವಿನ ಮಕ್ಕಳು.

ಚಾಮರಾಜನಗರದಲ್ಲಿ ಬಸ್ಸು ಬದಲಿಸಬೇಕಿತ್ತು. ಚಾಮರಾಜೇಶ್ವರನ ಗುಡಿಗೆ ಹೋಗಿ ಬಂದೆ. ಈ ಊರಿನ ಹಳೆಯ ಹೆಸರು ಅರಿಕುಠಾರ. ಇಲ್ಲಿ 1774ರಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗೆ ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು, 1826ರಲ್ಲಿ ಈ ಗುಡಿ ಎದ್ದಿತು. ಅದೇ ಮನೆತನದ ಕೊನೆಯ ಮಹಾರಾಜ ಜಯಚಾಮರಾಜೇಂದ್ರರು ಪಾಶ್ಚಾತ್ಯ ಸಂಗೀತಕ್ಕೆ ಮನಸ್ಸು ಕೊಟ್ಟವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಸ್ಥೆಗೆ 1948ರಲ್ಲಿ ಮೊದಲ ಅಧ್ಯಕ್ಷರಾದರು, ರಷ್ಯದ ಮೆಟ್ನರ್‌ನ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು, ಜೊತೆಗೆ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಅಷ್ಟು ದೊಡ್ಡ ಕಿವಿ ಅವರದು. ಗುಡಿಯ ಕಲ್ಲುಹಾಸಿನ ಮೇಲೆ ಕೂತು ನನಗೆ ಅನ್ನಿಸಿದ್ದು: ಆ ಕಿವಿಗೆ ತಕ್ಕ ಒಂದು ಮಹಾ ಮೇಳಗಾನ ಅವರ ಪೂರ್ವಜರ ಹುಟ್ಟೂರಿನ ಸುತ್ತಲೇ, ಅರಮನೆಯ ಒಂದು ಕಾಸಿಲ್ಲದೆ, ಶತಮಾನಗಳಿಂದ ಹಾಡಿಕೊಂಡು ಬಂದಿತ್ತು.

ಊರಿಗೆ ಹತ್ತಿರದಲ್ಲೇ ಹರದನಹಳ್ಳಿ. ಅಲ್ಲಿನ ದಿವ್ಯಲಿಂಗೇಶ್ವರ ಗುಡಿಯನ್ನು ನೋಡುವುದಕ್ಕೆ ಹೋಗುವವರಿದ್ದಾರೆ. ನಾನು ಹೋದದ್ದು ಅಲ್ಲಿನ ಮಠದ ನೆನಪಿಗೆ. ಗೋಸಲ ಚೆನ್ನಬಸವೇಶ್ವರರ ಪೀಠವಿದ್ದ ಊರು ಇದು, ತೋಂಟದ ಸಿದ್ಧಲಿಂಗರು ಇಲ್ಲಿಂದ ಹೊರಟವರು. ಕಲ್ಯಾಣ ಚದುರಿ ಹೋದ ಮೇಲೆ ಶರಣರ ಮಾತುಗಳನ್ನು ಹುಡುಕಿ, ಓಲೆಗಳಲ್ಲಿ ಜೋಡಿಸಿ, ಅಲ್ಲಮಪ್ರಭುವನ್ನು ನಡುವೆ ಕೂರಿಸಿ ಶೂನ್ಯಸಂಪಾದನೆಯೆಂಬ ಸಂಭಾಷಣೆಯನ್ನು ಕಟ್ಟಿದ ದೊಡ್ಡ ಕೆಲಸದಲ್ಲಿ ಸಿದ್ಧಲಿಂಗರ ಪರಂಪರೆಯ ಪಾಲು ಹಿರಿದು. 16ನೆಯ ಶತಮಾನದ ಹೊತ್ತಿಗೆ ಅದರ ಪಾಠಗಳು ಸಿದ್ಧವಾದವು. ಓದುಬರಹ ಬಲ್ಲವರು ಕಲ್ಯಾಣವನ್ನು ಉಳಿಸಿಕೊಂಡ ಬಗೆ ಇದು.

ಓದುಬರಹ ಇಲ್ಲದವರೂ ಕಲ್ಯಾಣವನ್ನು ಉಳಿಸಿಕೊಂಡರು, ಇದೇ ಸೀಮೆಯಲ್ಲಿ, ತಂಬೂರಿಯ ಮೇಲೆ. ನೀಲಗಾರರ ಕಥೆಯಲ್ಲಿ ಮಂಟೇಸ್ವಾಮಿಯೇ ಅಲ್ಲಮಪ್ರಭು. ಅವನು ಕಲ್ಯಾಣಕ್ಕೆ ಬರುವುದು ಬಸವಣ್ಣನ ಮನೆಯ ಲಕ್ಷಗಟ್ಟಲೆ ಜಂಗಮರನ್ನು ಪರೀಕ್ಷಿಸುವುದಕ್ಕೆ. ಬರುವುದಾದರೂ ಹೇಗೆ? ಮೈಯೆಲ್ಲ ಹುಣ್ಣು, ಸುತ್ತ ನೊಣ, ಹೆಂಡದ ಗಡಿಗೆ, ಯಾರೂ ಮುಟ್ಟಲಾರದ ರೂಪ. ಸಮಾನತೆಯ ಪಟ್ಟಣದ ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಓಲೆಯಲ್ಲಿ ಕೂತ ಅಲ್ಲಮ ಶರಣರನ್ನು ಮಾತಿನಿಂದ ಪರೀಕ್ಷಿಸುತ್ತಾನೆ. ತಂಬೂರಿಯ ಅಲ್ಲಮ ತನ್ನ ಮೈವಾಸನೆಯಿಂದಲೇ ಪರೀಕ್ಷಿಸುತ್ತಾನೆ. ಕಲ್ಯಾಣದ ಬಗ್ಗೆ ಕನ್ನಡದಲ್ಲಿ ಇರುವ ಅತಿ ಕಠಿಣ ಪ್ರಶ್ನೆ, ಅತಿ ಪ್ರೀತಿಯ ಪ್ರಶ್ನೆ ಕೂಡ, ಇದೇ ಎಂದು ನನ್ನ ನಂಬಿಕೆ. ಹೊರಗೆ ನಿಲ್ಲಿಸಲ್ಪಟ್ಟವರು ಕಥೆಯನ್ನು ಬಿಟ್ಟುಕೊಡಲಿಲ್ಲ, ಬಸವಣ್ಣನನ್ನೂ ಬಿಟ್ಟುಕೊಡಲಿಲ್ಲ. ಬಾಗಿಲಲ್ಲಿ ನಿಂತವನೇ ಗುರು ಎಂದು ಹಾಡಿದರು.

ಸಂತೇಮರಹಳ್ಳಿ, ಸಂಚಿಯ ಹೊನ್ನಮ್ಮನ ಯಳಂದೂರು, ಎಡಬಿಡದೆ ಜೊತೆಗೇ ಬರುವ ಬಿಳಿಗಿರಿರಂಗನ ಬೆಟ್ಟದ ಸಾಲು, ಕೊಳ್ಳೇಗಾಲ. ಚಿಕ್ಕಲ್ಲೂರು ತಲುಪುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಯಲಿನಲ್ಲಿ ಒಂದು ಊರೇ ಹುಟ್ಟಿಕೊಂಡಿತ್ತು. ಟಾರ್ಪಾಲಿನ ಬಿಡಾರಗಳು, ಮೂರು ಕಲ್ಲಿನ ಒಲೆಗಳು, ಎತ್ತಿನ ಗಾಡಿಗಳ ಪಕ್ಕದಲ್ಲೇ ಟ್ರ್ಯಾಕ್ಟರುಗಳು, ಆಟೋಗಳು. ಜಾತ್ರೆಗೆ ಐದು ದಿನ, ದಿನಕ್ಕೊಂದು ಸೇವೆ: ಚಂದ್ರಮಂಡಲ, ದೊಡ್ಡವರ ಸೇವೆ, ಮುಡಿಸೇವೆ, ಪಂಕ್ತಿಸೇವೆ, ಮುತ್ತರಾಯನ ಸೇವೆ. ಮೊದಲ ರಾತ್ರಿಯದೇ ಚಂದ್ರಮಂಡಲ. ಬಸ್ಸಿನ ಮುದುಕರು ಕೇಳಲು ಬಂದದ್ದು ಅದನ್ನು.

ರಾತ್ರಿ ಏರಿತು. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಗುರುಗಳು ಜಾಗಟೆ, ತಮಟೆ, ಪಂಜುಗಳ ನಡುವೆ ಬಂದರು. ಗದ್ದುಗೆಯ ಎದುರು ಬಿದಿರು ಬಟ್ಟೆಗಳಿಂದ ಕಟ್ಟಿದ ಚಂದ್ರಮಂಡಲ ನಿಂತಿತ್ತು. ಮೇಲೆ ಪೂರ್ಣ ಚಂದ್ರ, ಕೆಳಗೆ ಕತ್ತಲಲ್ಲಿ ಕಣ್ಣಿಗೆ ನಿಲುಕದಷ್ಟು ತಲೆಗಳು. ಪೂಜೆಯಾಯಿತು, ಕಿಚ್ಚು ಮುಟ್ಟಿಸಿದರು. ಬೆಂಕಿ ಬುಡದಿಂದ ತುದಿಗೆ ನೆಗೆಯಿತು, ಇಡೀ ಬಯಲು ಬೆಳಕಾಯಿತು, ಆ ಬೆಳಕಿನಲ್ಲಿ ಸಾವಿರಾರು ಮುಖಗಳು ಒಟ್ಟಿಗೇ ಕಾಣಿಸಿಕೊಂಡವು. ಸಿದ್ದಪ್ಪಾಜಿಯ ಹೆಸರನ್ನು ಕೂಗಿದ ದನಿ ಎಲ್ಲಿಂದ ಎದ್ದಿತೋ ಹೇಳಲಾರೆ, ನನ್ನ ಎದೆಯ ಗೂಡೂ ಅದುರಿತು. ಬಾಯಿ ತೆರೆದದ್ದು ನನಗೆ ಗೊತ್ತಾಗಲಿಲ್ಲ. ಆ ಕೂಗಿನಲ್ಲಿ ನಾನೂ ಇದ್ದೆ.

ಈಗ ಎಲ್ಲರ ಕಣ್ಣೂ ಜ್ವಾಲೆಯ ವಾಲಿನ ಮೇಲೆ. ಬೆಂಕಿ ಯಾವ ದಿಕ್ಕಿಗೆ ಹೆಚ್ಚು ಚಾಚಿ ಉರಿಯುತ್ತದೋ ಆ ದಿಕ್ಕಿನ ಸೀಮೆಗೆ ಬರುವ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ತೆಂಕಲು ಎಂದರು ಕೆಲವರು, ಇಲ್ಲ ಪಡುವಲು ಎಂದರು ಇನ್ನು ಕೆಲವರು, ತಮ್ಮ ತಮ್ಮ ಊರಿನ ಕಡೆಗೆ ಬೆರಳು ಚಾಚಿ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿದ ಮೇಲೆ ಮಳೆ ಬಂತು. ಮೆಂಡೆಲ್ಸನ್ನನ ಮೇಳಗಾನದ ಮೊದಲ ಭಾಗ ಮುಗಿಯುವುದೇ ಆ ಮಳೆಯಲ್ಲಿ, ಎಲ್ಲ ಕಂಠಗಳೂ ಒಟ್ಟಿಗೆ ಉಕ್ಕಿ. ಬರ್ಮಿಂಗ್‌ಹ್ಯಾಂನ ಪುರಭವನದಲ್ಲಿ ಕೂತಿದ್ದವರಲ್ಲಿ ಎಷ್ಟು ಜನರ ಹೊಲ ಒಣಗಿತ್ತೋ ಕಾಣೆ. ಇಲ್ಲಿ ಬೆಂಕಿಯ ಸುತ್ತ ನಿಂತವರಿಗೆ ಅದು ಹಿಂದೆಂದೋ ನಡೆದ ಕಥೆಯಾಗಿರಲಿಲ್ಲ. ಬರುವ ಮುಂಗಾರಿನ ಮಾತಾಗಿತ್ತು.

ಚಂದ್ರಮಂಡಲ ಬೂದಿಯಾದ ಮೇಲೆ ಹಾಡು. ಬಿಡಾರಗಳ ನಡುವೆ ಅಲ್ಲಲ್ಲಿ ನೀಲಗಾರರ ಮೇಳಗಳು ಕೂತಿದ್ದವು. ಕತೆ ಮಾಡಿಸುವ ಹರಕೆ ಹೊತ್ತ ಸಂಸಾರ ಒಂದು ಚಾಪೆ ಹಾಸಿ, ದೀಪ ಇಟ್ಟು, ಎಲೆ ಅಡಿಕೆ ಜೋಡಿಸಿತ್ತು. ಕಥೆ ಹೇಳುವವರ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಹಿಂದೆ ಡಕ್ಕಿ, ತಾಳ ಹಿಡಿದ ಹಿಮ್ಮೇಳದವರು. ಬೆರಳೆಣಿಕೆಯ ಜನ. ಕಥೆಯನ್ನು ಸಾಲುಗಳಾಗಿ ಹಾಡುತ್ತಾರೆ, ಒಂದೊಂದು ಸಾಲೂ ಒಂದೊಂದು ದೊಡ್ಡ ಅಧ್ಯಾಯ. ಪೂರಾ ಕಥೆಗೆ ಒಂದು ರಾತ್ರಿ ಸಾಲುವುದಿಲ್ಲ. ಮನೆಯವರು ಯಾವ ಸಾಲು ಬೇಕೋ ಕೇಳುತ್ತಾರೆ.

ಈ ಮೇಳದವರನ್ನು ಕೇಳಿದ್ದು ಕೆಂಪಣ್ಣನ ಸಾಲು. ನಿಡುಘಟ್ಟದ ಮುದ್ದಮ್ಮನ ಮನೆಗೆ ಮಂಟೇಸ್ವಾಮಿ ಬಂದು ಭಿಕ್ಷೆ ಕೇಳುತ್ತಾನೆ. ಅವನಿಗೆ ಬೇಕಾದದ್ದು ದವಸವಲ್ಲ, ಹಣವಲ್ಲ, ಅವಳ ಮುದ್ದಿನ ಮಗ. ಆ ಮಗನೇ ಮುಂದೆ ಸಿದ್ದಪ್ಪಾಜಿ. ಅವನೇ ಹಲಗೂರಿನ ಕಮ್ಮಾರರ ಬಳಿ ಗುರುವಿಗಾಗಿ ಕಬ್ಬಿಣದ ಭಿಕ್ಷೆಗೆ ಹೋಗಿ ಅವರು ಒಡ್ಡಿದ ಪವಾಡಗಳನ್ನೆಲ್ಲ ಗೆದ್ದು ಬರುವವನು. ಆದರೆ ಅದು ಮುಂದಿನ ಮಾತು. ಈ ರಾತ್ರಿ ಅವನಿನ್ನೂ ತಾಯಿಯ ಸೆರಗು ಹಿಡಿದ ಕೆಂಪಣ್ಣ.

ಹಾಡಿನ ಕಟ್ಟು ನೋಡಿ. ಕಥೆಗಾರ ಒಂದು ಸೊಲ್ಲನ್ನು ಎತ್ತುತ್ತಾನೆ. ಸೊಲ್ಲಿನ ಕೊನೆ ಅವನ ಬಾಯಿಂದ ಬೀಳುವ ಮೊದಲೇ ಹಿಮ್ಮೇಳ ಅದನ್ನು ಹಿಡಿದು ಮೇಲಕ್ಕೆ ಒಯ್ಯುತ್ತದೆ. ಎಲ್ಲಿ ಒಬ್ಬನ ಉಸಿರು ಮುಗಿಯಿತು, ಎಲ್ಲಿ ಇನ್ನೊಬ್ಬನದು ಶುರುವಾಯಿತು ಎಂದು ಕಿವಿಗೊಟ್ಟು ಕೇಳಿದರೂ ಗೊತ್ತಾಗುವುದಿಲ್ಲ. ನಡುನಡುವೆ ಹಾಡು ನಿಂತು ಕಥೆಗಾರ ಮಾತಿಗೆ ಇಳಿಯುತ್ತಾನೆ. ಆಗ ಹಿಮ್ಮೇಳದವನು ಊರವನಾಗಿ, ನೆಂಟನಾಗಿ, ಮನೆಯವನಾಗಿ ಹೂಂಗುಟ್ಟುತ್ತಾನೆ, ಕೇಳುತ್ತಾನೆ, ಬೆರಗಾಗುತ್ತಾನೆ. ಮತ್ತೆ ತಂಬೂರಿ ಮಿಡಿಯಿತೋ, ಅದೇ ಕಂಠ ಮುದ್ದಮ್ಮನ ಗೋಳಾಗುತ್ತದೆ. ಮಗನನ್ನು ಕೊಡು ಎಂದು ಗುರು ಕೇಳಿದ ಜಾಗದಲ್ಲಿ ಹಿಮ್ಮೇಳ ಸೊಲ್ಲು ಎತ್ತಲಿಲ್ಲ. ಡಕ್ಕಿ ನಿಂತಿತು. ಗಗ್ಗರವೂ ನಿಂತಿತು. ಮುಂದೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲೊಬ್ಬಾಕೆ ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಬಂದ ತಾಯಿಯ ಸೊಲ್ಲಿಗೆ ಹಿಮ್ಮೇಳದವರ ಜೊತೆ ಆ ಹೆಂಗಸರೂ ದನಿಗೂಡಿಸಿದರು. ಯಾರೂ ಕರೆಯಲಿಲ್ಲ, ಯಾರೂ ಕಲಿಸಲಿಲ್ಲ.

ನನಗೆ ಅಲ್ಲಿ ರೋಮ್ ನೆನಪಾಯಿತು. 17ನೆಯ ಶತಮಾನದ ನಡುವಿನಲ್ಲಿ ಜಾಕೊಮೊ ಕರಿಸ್ಸಿಮಿ ಎಂಬ ಸಂಗೀತಗಾರ ಅಲ್ಲಿನ ಪ್ರಾರ್ಥನಾ ಮಂದಿರಗಳಿಗಾಗಿ ಬೈಬಲ್ಲಿನ ಯೆಫ್ತಾಹನ ಕಥೆಯನ್ನು ಮೇಳಕ್ಕೆ ಅಳವಡಿಸಿದ. ಯುದ್ಧ ಗೆದ್ದರೆ ಮನೆಯಿಂದ ಮೊದಲು ಎದುರು ಬರುವ ಜೀವವನ್ನು ದೇವರಿಗೆ ಅರ್ಪಿಸುತ್ತೇನೆಂದು ಮಾತುಕೊಟ್ಟ ತಂದೆಗೆ ಎದುರು ಬಂದವಳು ಒಬ್ಬಳೇ ಮಗಳು. ಸಾಯುವ ಮುಂಚೆ ಆ ಹುಡುಗಿ ಬೆಟ್ಟಗಳಲ್ಲಿ ಅಲೆದು ಅಳುತ್ತಾಳೆ. ಅವಳು ಹಾಡಿದ ಸಾಲಿನ ಕೊನೆಯನ್ನು ಎರಡು ಕಂಠಗಳು ಮರುದನಿಯಾಗಿ ತಿರುಗಿ ಹಾಡುತ್ತವೆ, ಬೆಟ್ಟಗಳೇ ಅವಳ ಜೊತೆ ಅತ್ತ ಹಾಗೆ. ಕೊನೆಗೆ ಆರು ಕಂಠಗಳ ಮೇಳ ಅವಳ ದುಃಖವನ್ನು ಇಡೀ ಜನದ ದುಃಖವಾಗಿಸುತ್ತದೆ. ಸಾಲಿನ ಕೊನೆಯನ್ನು ಹಿಡಿದು ತಿರುಗಿ ಹಾಡುವುದು: ಒಂಟಿ ಜೀವದ ನೋವಿಗೆ ಜೊತೆ ಕೊಡುವುದಕ್ಕೆ ಮನುಷ್ಯರು ಕಂಡುಕೊಂಡ ಬಹಳ ಹಳೆಯ ದಾರಿ ಅದಿರಬೇಕು. ರೋಮಿನವರಿಗೆ ಅದನ್ನು ಬರೆದುಕೊಟ್ಟವನ ಹೆಸರು ಉಳಿದಿದೆ. ಚಿಕ್ಕಲ್ಲೂರಿನ ಚಾಪೆಯ ಮೇಲೆ ಕೂತವರಿಗೆ ಕೊಟ್ಟವರು ಯಾರೋ, ಎಷ್ಟು ಜನರೋ.

ಹಾಡಿನ ನಡುವೆ ಎಲೆ ಅಡಿಕೆಯ ಬಿಡುವು. ಕಥೆಗಾರರನ್ನು ಕೇಳಿದೆ, ಇಷ್ಟು ಗಂಟೆಗಳ ಕಥೆ ನೆನಪಿನಲ್ಲಿ ಉಳಿಯುವುದು ಹೇಗೆ? ಅವರು ಹಿಮ್ಮೇಳದವರ ಕಡೆ ಕೈ ತೋರಿಸಿದರು. "ಅವ ಸೊಲ್ಲ ಎತ್ಕಂಡಾಗ ನನ್ಗ ಮುಂದಿನ ಮಾತು ಬತ್ತದ. ಅವ ಸುಮ್ನಾದ್ರ ನಾನೂ ಸುಮ್ನ." ಇಡೀ ಕಲೆಯ ಗುಟ್ಟು ಅಷ್ಟರಲ್ಲಿದೆ. ಹಿಮ್ಮೇಳದ ಆವರ್ತ ಕಥೆಗಾರನಿಗೆ ಉಸಿರು ಕೊಡುತ್ತದೆ, ಮುಂದಿನದನ್ನು ಕಟ್ಟಿಕೊಳ್ಳಲು ಬಿಡುವು ಕೊಡುತ್ತದೆ, ಕೇಳುವವರಿಗೆ ಹಿಂದಿನದನ್ನು ಮನಸ್ಸಿಗೆ ಇಳಿಸಿಕೊಳ್ಳುವ ಹೊತ್ತು ಕೊಡುತ್ತದೆ. ಕಥೆ ಒಬ್ಬರ ತಲೆಯಲ್ಲಿಲ್ಲ. ಎರಡು ಕಂಠಗಳ ನಡುವಿನ ಜಾಗದಲ್ಲಿದೆ. ಕಥೆಗಾರರಾದವರೆಲ್ಲ ಮೊದಲು ಹಿಮ್ಮೇಳದವರಾಗಿದ್ದವರೇ. ಅವರ ಪಕ್ಕದಲ್ಲಿ ತಾಳ ಹಿಡಿದು ಕೂತಿದ್ದ ಎಳೆಯ ಹುಡುಗ, ಕಣ್ಣು ಎಳೆಯುತ್ತಿದ್ದರೂ ಒಂದು ಸೊಲ್ಲನ್ನೂ ಬಿಡದವನು, ಯಾವ ಸಂಗೀತ ಶಾಲೆಯಲ್ಲೂ ಸಿಗದ ಪಾಠದಲ್ಲಿದ್ದ.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಇದರ ಒಡಹುಟ್ಟು ಇದೆ. ಎಪ್ಪತ್ತೇಳು ಮಲೆಯ ಮಾದಪ್ಪನ ಕಥೆ. ಅದನ್ನು ಹಾಡುವವರು ದೇವರಗುಡ್ಡರು, ಕೈಯಲ್ಲಿ ಕಂಚಿನ ಕಂಸಾಳೆ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ತಟ್ಟೆ. ನಿಂತು ಬೀಸುವ ಕಂಸಾಳೆಯ ಕುಣಿತವನ್ನು ಸಿನಿಮಾ, ದಸರಾ ಮೆರವಣಿಗೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಕೂತು ರಾತ್ರಿಯಿಡೀ ಹಾಡುವ ಕಥೆಯನ್ನು ಕೇಳಿದವರು ಕಡಿಮೆ, ಅಸಲು ಸಂಪತ್ತು ಅಲ್ಲಿದೆ. ಮಾದಪ್ಪನ ಹುಟ್ಟು, ಶ್ರವಣ ದೊರೆ, ಜುಂಜೇಗೌಡ, ಬೇವಿನಹಟ್ಟಿ ಕಾಳಮ್ಮ, ಸರಗೂರಯ್ಯ, ಸಂಕಮ್ಮ, ಇಕ್ಕೇರಿ ದೇವಮ್ಮ, ಒಬ್ಬೊಬ್ಬರಿಗೂ ಒಂದೊಂದು ಸಾಲು. ತುಂಬಿದ ಮನೆಯ ಕಾಳಮ್ಮ ಬಾಗಿಲಿಗೆ ಬಂದ ಜೋಗಿಗೆ ಏನೂ ಕೊಡದೆ ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ. ಎಲೀಯನ ಕಥೆಯ ಬಡ ವಿಧವೆ ಬರಗಾಲದಲ್ಲಿ ಮಡಕೆಯ ತಳದ ಕೊನೆಯ ಹಿಡಿ ಹಿಟ್ಟನ್ನು ಅವನಿಗೆ ರೊಟ್ಟಿ ಮಾಡಿ ಕೊಡುತ್ತಾಳೆ, ಅವಳ ಮಡಕೆ ಬರಿದಾಗುವುದಿಲ್ಲ. ಒಬ್ಬಳನ್ನು ಇನ್ನೊಬ್ಬಳ ಪಕ್ಕ ನಿಲ್ಲಿಸಿ ನೋಡಿದರೆ ಬರ ಕಂಡ ನಾಡುಗಳು ಎಲ್ಲೇ ಇರಲಿ, ಭಿಕ್ಷೆಯ ಬಗ್ಗೆ ಒಂದೇ ಕಾನೂನು ಬರೆದುಕೊಂಡಿವೆ ಅನ್ನಿಸುತ್ತದೆ.

ಈ ಹೋಲಿಕೆ ಪುಸ್ತಕದಿಂದ ತಂದದ್ದಷ್ಟೇ ಅಲ್ಲ. ಮಾದಪ್ಪನ ಮಲೆಗೆ ಹೋಗುವ ಸೀಮೆಯಲ್ಲೇ ಮಾರ್ಟಳ್ಳಿ, ಸಂದನಪಾಳ್ಯ ಎಂಬ ಊರುಗಳಿವೆ. ತಮಿಳು ಮನೆಮಾತಿನ ಕ್ಯಾಥೊಲಿಕ್ ರೈತರು ಅಲ್ಲಿದ್ದಾರೆ. ಎಲೀಯ, ಅಬ್ರಹಾಮ, ಯೆಫ್ತಾಹ ಅವರ ಮನೆಯ ಹೆಸರುಗಳು. ಅವರ ಹೊಲವೂ ಇದೇ ಮಳೆಯನ್ನು ಕಾಯುತ್ತದೆ. ಬೈಬಲ್ಲಿನ ಕಥೆಯನ್ನು ಕನ್ನಡದ ಹಾಡುಗಬ್ಬಕ್ಕೆ ತರುವ ಆಸೆ ಹಿಂದೆಯೂ ಒಬ್ಬರಿಗೆ ಹುಟ್ಟಿತ್ತು. ನಿಘಂಟಿನ ಕಿಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. ಹೊರಗಿನಿಂದ ಬಂದ ಪಾದ್ರಿಯೊಬ್ಬರು ಈ ಭಾಷೆಯ ಕಿವಿ ಹಾಡಿನಲ್ಲಿದೆ ಎಂದು ಅಷ್ಟು ಬೇಗ ಅರಿತದ್ದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ.

ನೀಲಗಾರರ ಮತ್ತು ಕಂಸಾಳೆಯವರ ಕಾವ್ಯಗಳು ಈಗ ಪುಸ್ತಕಗಳಲ್ಲೂ ಇವೆ. ಜೀ. ಶಂ. ಪರಮಶಿವಯ್ಯ, ಪಿ. ಕೆ. ರಾಜಶೇಖರ ಅವರಂಥವರು ಊರೂರು ಸುತ್ತಿ ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಎರಡೂ ಕಾವ್ಯಗಳ ದೊಡ್ಡ ಸಂಪುಟಗಳನ್ನು ತಂದಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಯಿತು. ಎಚ್. ಎಸ್. ಶಿವಪ್ರಕಾಶರು ಮಂಟೇಸ್ವಾಮಿಯನ್ನು ರಂಗಕ್ಕೆ ತಂದರು. ಮೈಸೂರು ಗುರುರಾಜ್, ಮಳವಳ್ಳಿ ಮಹದೇವಸ್ವಾಮಿ ಇವರ ದನಿ ಕ್ಯಾಸೆಟ್ಟುಗಳ ಕಾಲದಿಂದ ಇಂದಿನ ಮೊಬೈಲಿನವರೆಗೆ ಟೀ ಅಂಗಡಿ, ಲಾರಿ, ಗದ್ದೆಗಳಲ್ಲಿ ಹರಿದಿದೆ. ಇವೆಲ್ಲ ಬಹಳ ದೊಡ್ಡ ಕೆಲಸಗಳು. ಆದರೂ ಮುದ್ರಣಕ್ಕೆ ಹೋದಾಗ ಹಿಮ್ಮೇಳ ಒಂದು ಪಲ್ಲವಿಯ ಗುರುತಾಗಿ ಕುಗ್ಗುತ್ತದೆ, ಕೇಳುವವರು ಮಾಯವಾಗುತ್ತಾರೆ. ಮೊಬೈಲಿನಲ್ಲಿ ಕಥೆಗಾರನ ದನಿ ಮುಂದೆ ಬಂದು ಸೊಲ್ಲು ಎತ್ತುವವರು ಹಿಂದೆ ಸರಿಯುತ್ತಾರೆ. ನಾನು ಓದಿಕೊಂಡು ಹೋಗಿದ್ದ ಕೆಂಪಣ್ಣನಿಗೂ ಆ ರಾತ್ರಿ ಹೆಂಗಸರ ದನಿಯಲ್ಲಿ ಎದ್ದು ಬಂದ ಕೆಂಪಣ್ಣನಿಗೂ ಇದ್ದ ದೂರ, ನೀರಿನ ಚಿತ್ರಕ್ಕೂ ಕುಡಿಯುವ ನೀರಿಗೂ ಇರುವಷ್ಟು.

ಪಂಕ್ತಿಸೇವೆಯ ದಿನದವರೆಗೂ ಉಳಿದೆ. ಅಂದು ಬಿಡಾರ ಬಿಡಾರದಲ್ಲೂ ಮಾಂಸದಡುಗೆ, ಸಾಲಾಗಿ ಕೂತು ಊಟ. ಯಾವ ಜಾತಿ ಎಂದು ಪಂಕ್ತಿ ಕೇಳುವುದಿಲ್ಲ. ಜಾತ್ರೆಯ ಬಯಲಲ್ಲಿ ಪ್ರಾಣಿ ಕೊಯ್ಯುವುದರ ಮೇಲೆ ಇತ್ತೀಚಿನ ವರ್ಷಗಳಲ್ಲಿ ನಿರ್ಬಂಧ, ವಾದ, ವ್ಯಾಜ್ಯ ಎಲ್ಲವೂ ನಡೆದಿವೆ. ನನಗೆ ಕಂಡದ್ದನ್ನು ಹೇಳುತ್ತೇನೆ: ಗುರುತು ಪರಿಚಯವಿಲ್ಲದ ಮನೆಯವರು ಕೈ ಹಿಡಿದು ಎಳೆದು ಎಲೆಯ ಮುಂದೆ ಕೂರಿಸಿದರು, ಎರಡನೆಯ ಸಲ ಬಡಿಸುವಾಗ ಬೇಡವೆಂದದ್ದಕ್ಕೆ ಬೈದರು. ಕಲ್ಯಾಣದ ಬಾಗಿಲಲ್ಲಿ ತಡೆಯಲ್ಪಟ್ಟ ಗುರುವಿನ ಒಕ್ಕಲು ತಮ್ಮ ಬಿಡಾರಕ್ಕೆ ಬಾಗಿಲೇ ಇಟ್ಟುಕೊಂಡಿರಲಿಲ್ಲ.

ನೀವೂ ಹೋಗಿ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು, ಅದು ತಪ್ಪಿದರೆ ಶಿವರಾತ್ರಿಗೆ ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ ರಾಚಪ್ಪಾಜಿಯ ಜಾತ್ರೆ. ಮಾದಪ್ಪನ ಬೆಟ್ಟಕ್ಕಾದರೆ ದೀಪಾವಳಿ, ಶಿವರಾತ್ರಿ, ಯುಗಾದಿ. ತಾಳುಬೆಟ್ಟದಿಂದ ಪರ್ಸೆಯ ಜನದ ಜೊತೆ ಉಘೇ ಉಘೇ ಎನ್ನುತ್ತಾ ನಡೆದೇ ಏರಬಹುದು. ಬೆಚ್ಚಗಿನ ಹೊದಿಕೆ ಒಯ್ಯಿರಿ, ಜನವರಿಯ ಬಯಲಿನಲ್ಲಿ ಬೆಳಗಿನ ಜಾವ ಮೂಳೆ ಕೊರೆಯುವ ಚಳಿ. ಮೇಳ ಕಂಡಲ್ಲಿ ಕಥೆಗಾರರ ಎದುರಿಗೆ ಜಾಗ ಹುಡುಕಬೇಡಿ. ಸ್ವಲ್ಪ ಹಿಂದೆ, ಡಕ್ಕಿಯವರ ಮಗ್ಗುಲಿಗೆ ಕೂರಿ. ಮೊದಲ ಸೊಲ್ಲಿಗೇ ನಿಮ್ಮ ಬಾಯಿ ಏಳುವುದಿಲ್ಲ. ಮಧ್ಯರಾತ್ರಿ ಕಳೆಯಲಿ. ಅಲ್ಲಿ ಯಾರೂ ನಿಮ್ಮ ಶ್ರುತಿಯನ್ನು ಕೇಳುವುದಿಲ್ಲ, ದನಿ ಬಂತೋ ಇಲ್ಲವೋ ಎಂದಷ್ಟೇ ಒಮ್ಮೆ ತಿರುಗಿ ನೋಡುತ್ತಾರೆ.